ಕೌದಿ, ಕುಂಚಿಗೆ, ಕಸೂತಿ: ಮನೆಯ ಕೈಹೊಲಿಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಈಗ ಇರೋದು ಹುಬ್ಬಳ್ಳಿಯಲ್ಲಿ. ಕೌದಿ ಹೊಲಿಯೋದು ಅಜ್ಜಿಯಿಂದ ಬಂತು. ಕಸೂತಿಯನ್ನು ಧಾರವಾಡದಲ್ಲಿ ಓದುವಾಗ ಗೆಳತಿಯ ಅವ್ವನ ಹತ್ತಿರ ಕುಳಿತು ಕಲಿತೆ. ನಾನು ಹೊಲಿದಿದ್ದನ್ನು ನೋಡಿದವರು ಹೆಚ್ಚು ಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಹೇಗೆ ಹೊಲಿಯೋದು ಅನ್ನೋದಕ್ಕಿಂತ ಯಾಕೆ ಹೊಲಿಯೋದು, ಯಾರಿಗೆ ಕೊಡೋದು, ಎಸೆಯಬಹುದಾ, ಇಟ್ಟುಕೊಳ್ಳಬೇಕಾ ಅನ್ನೋದೇ ಜಾಸ್ತಿ. ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಕೌದಿ ಅಂದರೆ ಏನು? ರಜಾಯಿಗೂ ಇದಕ್ಕೂ ಏನು ವ್ಯತ್ಯಾಸ?

ರಜಾಯಿಯೊಳಗೆ ಹತ್ತಿ ತುಂಬುತ್ತಾರೆ. ಕೌದಿಯೊಳಗೆ ತುಂಬೋದು ಬಟ್ಟೆಯನ್ನೇ. ಹಳೇ ಸೀರೆ, ಧೋತರ, ಲುಂಗಿ, ಮಕ್ಕಳ ಅಂಗಿ, ತಲೆದಿಂಬಿನ ಚೀಲ, ಹೀಗೆ ಉಟ್ಟು ತೊಟ್ಟು ಸವೆದ ಹತ್ತಿ ಬಟ್ಟೆ ಏನಿದೆಯೋ ಅದೆಲ್ಲ. ಮೊದಲು ಒಂದು ಇಡೀ ಸೀರೆಯನ್ನು ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ನಾಲ್ಕು ಮೂಲೆಗೂ ಭಾರ ಇಡುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಒರಳಿನ ಗುಂಡು, ಎರಡು ಇಟ್ಟಿಗೆ ಮತ್ತು ಕಬ್ಬಿಣದ ಸೇರು ಬಳಸುತ್ತಿದ್ದರು. ಅದರ ಮೇಲೆ ತೀರಾ ಹರಿದ ತುಂಡುಗಳು, ಒಂದರ ಅಂಚಿಗೆ ಇನ್ನೊಂದರ ಅಂಚು ತಾಗುವ ಹಾಗೆ. ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣುವ ಬಣ್ಣದ ತುಂಡುಗಳು. ಆಮೇಲೆ ಅಂಚಿನಿಂದ ಹೊಲಿಗೆ ಶುರು. ಸುತ್ತು ಸುತ್ತಾಗಿ ನಡುವಿಗೆ ಬರಬೇಕು.

ಮರಾಠಿಯವರ ಗೋಧಡಿ, ಬಂಗಾಳದವರ ಕಾಂಥಾ ಎಲ್ಲ ಇದರ ಅಕ್ಕತಂಗಿಯರು.

ಹಳೇ ಬಟ್ಟೆ ತಾನೇ? ಅದಕ್ಕೆ ಯಾಕೆ ಇಷ್ಟು ಮಹತ್ವ?

ಚಿಕ್ಕವಳಿದ್ದಾಗ ಮಧ್ಯಾಹ್ನ ನಿದ್ದೆ ಬರದೇ ಇದ್ದರೆ ನಾನು ಕೌದಿಯ ತುಂಡುಗಳ ಮೇಲೆ ಬೆರಳಿಟ್ಟು ಕೇಳುತ್ತಿದ್ದೆ, ಇದು ಯಾರದು, ಇದು ಯಾರದು ಅಂತ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು: "ಅದು ನಿಮ್ಮ ಸೋದರತ್ತಿ ಕುಬಸದ ಸೀರಿ. ಅದರ ಬಾಜೂದು ನಿಮ್ಮಪ್ಪ ಸಾಲಿಗೆ ಹಾಕ್ಕೊಂಡು ಹೋಗ್ತಿದ್ದ ಅಂಗಿ. ಕೆಂಪು ಪಟ್ಟಿ ಐತಲ್ಲ, ಅದು ನಮ್ಮವ್ವಂದು." ನನ್ನ ಮುತ್ತಜ್ಜಿಯ ಒಂದೂ ಫೋಟೋ ನಮ್ಮಲ್ಲಿ ಇಲ್ಲ. ಆಕೆ ಉಟ್ಟಿದ್ದ ಇಳಕಲ್ ಸೀರೆಯ ದಡಿ ಮಾತ್ರ ಗೊತ್ತು, ಅದೂ ಆ ಕೌದಿಯಿಂದ. ಆ ಕೆಂಪು ಪಟ್ಟಿ ನಾಲ್ಕು ಬೆರಳು ಅಗಲ ಇತ್ತು. ಒಂದು ಕಡೆ ಬಣ್ಣ ಹಾರಿ ಗುಲಾಬಿ ಆಗಿತ್ತು, ಹೊಲಿಗೆಯ ಕೆಳಗೆ ಬಿಸಿಲು ತಾಗದ ಜಾಗದಲ್ಲಿ ಮಾತ್ರ ದಾಳಿಂಬೆ ಕೆಂಪು ಹಾಗೇ ಉಳಿದಿತ್ತು.

ಆಸ್ತಿಪತ್ರದಲ್ಲಿ, ವಂಶಾವಳಿಯಲ್ಲಿ ಗಂಡಸರ ಹೆಸರೇ ಜಾಸ್ತಿ. ಕೌದಿಯಲ್ಲಿ ಹೆಂಗಸರದೇ ಜಾಸ್ತಿ. ತವರುಮನೆಯಿಂದ ಬಂದ ಸೀರೆ, ಗಂಡನ ಮನೆಯ ಸೀರೆ, ನಾದಿನಿ ಬಿಟ್ಟು ಹೋದ ಸೀರೆ ಪಕ್ಕ ಪಕ್ಕ ಬಂದು ಕೂರುತ್ತವೆ. ಯಾರು ಯಾರಿಗೆ ಏನಾಗಬೇಕು ಅನ್ನೋದು ನನಗೆ ಗೊತ್ತಾಗಿದ್ದು ಹೀಗೆ.

ಮೊದಲೆಲ್ಲ ಯಾರು ಹೊಲಿಯುತ್ತಿದ್ದರು?

ಮನೆಯ ಹೆಂಗಸರೇ. ಸುಗ್ಗಿ ಮುಗಿದು, ಹೊಲದ ಕೆಲಸ ಇಲ್ಲದ ಬೇಸಿಗೆಯಲ್ಲಿ. ಊಟ ಆದ ಮೇಲೆ ಪಡಸಾಲೆಯಲ್ಲೋ ಬೇವಿನ ಮರದ ನೆರಳಲ್ಲೋ ಹಾಸುತ್ತಿದ್ದರು. ಓಣಿಯವರು ಬಂದು ನಾಲ್ಕು ಕಡೆ ಕೂತರೆ ಬೇಗ ಮುಗಿಯುತ್ತದೆ. ಇವತ್ತು ನಿಮ್ಮ ಮನೆಯದು, ಮುಂದಿನ ವಾರ ನಮ್ಮ ಮನೆಯದು, ಹೊಲದಲ್ಲಿ ಮುಯ್ಯಾಳು ಹಾಕಿಕೊಂಡ ಹಾಗೆ.

ದೇವಿಯ ಕಥೆ ಹಾಡುವ ಗೊಂದಲಿಗರ ಮನೆಯ ಹೆಂಗಸರು ಕೌದಿ ಹೊಲಿಯೋದನ್ನೇ ಕಸುಬು ಮಾಡಿಕೊಂಡು ಊರೂರು ತಿರುಗುತ್ತಿದ್ದರು. ಬಟ್ಟೆ ಮನೆಯವರದು, ಕೈ ಅವರದು. ನಮ್ಮ ಊರಲ್ಲಿ ಅವರಿಗೆ ಜೋಳ ಮತ್ತು ಒಂದಿಷ್ಟು ದುಡ್ಡು ಕೊಡುತ್ತಿದ್ದದ್ದು ನೆನಪಿದೆ. ಅವರ ಹೊಲಿಗೆ ಎಷ್ಟು ನೇರ ಅಂದರೆ ದಾರ ಹಿಡಿದು ಗೆರೆ ಎಳೆದ ಹಾಗೆ ಇರುತ್ತಿತ್ತು. ಕೌದಿ ಅಂದ ತಕ್ಷಣ ಎಲ್ಲರೂ ಅಜ್ಜಿಯ ಪ್ರೀತಿ ಅಂತಾರೆ, ಆದರೆ ಕೂಲಿಗೆ ಹೊಲಿದ ಆ ಕೈಗಳನ್ನೂ ನೆನೆಯಬೇಕು ಅಲ್ವಾ?

ಕೂತು ಹೊಲಿಯುವಾಗ ಏನು ಮಾತಾಡುತ್ತಿದ್ದರು ಅಂತ ಒಬ್ಬರು ಕೇಳಿದ್ದರು. ಎಲ್ಲವನ್ನೂ. ಯಾರ ಮಗಳಿಗೆ ಗಂಡು ಬಂತು, ಯಾರ ಸೊಸೆ ತವರಿಗೆ ಹೋಗಿ ಮೂರು ತಿಂಗಳಾಯಿತು, ಯಾರಿಗೆ ಮುಟ್ಟು ನಿಂತಿದೆ. ಅತ್ತೆಯ ಎದುರು ಬಾಯಿ ಬಿಡದ ಸೊಸೆಯಂದಿರು ಕೌದಿ ಸುತ್ತ ಕೂತಾಗ ಮಾತಾಡೋದನ್ನು ನಾನು ನೋಡಿದ್ದೇನೆ. ತಲೆ ಬಗ್ಗಿಸಿ, ಕಣ್ಣು ಸೂಜಿಯ ಮೇಲೆ ಇಟ್ಟು ಮಾತಾಡೋದು ಸುಲಭ ಇರಬೇಕು.

ಕೌದಿಯೊಳಗೆ ರೊಟ್ಟಿ ಚೂರು ಇಡುತ್ತಾರಂತೆ, ನಿಜಾನಾ?

ಕೆಲವು ಮನೆಗಳಲ್ಲಿ ಇಡುತ್ತಾರೆ. ಕೊನೆಯ ಸುತ್ತು ಮುಚ್ಚುವ ಮೊದಲು ಒಂದು ಚೂರು ರೊಟ್ಟಿಯೋ ಹೋಳಿಗೆಯೋ ಒಳಗೆ ಸೇರಿಸಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರಿಗೂ ಹಸಿವು ಇರಬಾರದು ಅಂತ. ನಮ್ಮಜ್ಜಿ ನಾಲ್ಕು ಕಾಳು ಜೋಳ ಹಾಕುತ್ತಿದ್ದಳು. ಇರುವೆ ಬರುತ್ತದೆ ಅಂತ ಅವ್ವ ಬೇಡ ಅನ್ನುತ್ತಿದ್ದಳು, ಆದರೂ ಅಜ್ಜಿ ಹಾಕುತ್ತಿದ್ದಳು. ನಾನೂ ಹಾಕುತ್ತೇನೆ.

ಹುಟ್ಟಿದ ಮಗುವಿಗೆ ಹಳೇ ಬಟ್ಟೆಯ ಕೌದಿ ಯಾಕೆ? ಹೊಸದು ಕೊಡಬಾರದಾ?

ಕೊಡಬಹುದು. ಆದರೆ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಗಡಸು ಇರುತ್ತದೆ. ನೂರು ಸಲ ಒಗೆದ ಹತ್ತಿ ಸೀರೆಯಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಬೆವರು, ಮೂತ್ರ ಎಲ್ಲ ಹೀರಿಕೊಳ್ಳುತ್ತದೆ, ಒಗೆದರೆ ಬೇಗ ಒಣಗುತ್ತದೆ. ಇದು ಒಂದು ಕಾರಣ.

ಇನ್ನೊಂದು ಕಾರಣ ವಾಸನೆ. ಬಾಣಂತನಕ್ಕೆ ತವರಿಗೆ ಬಂದವಳ ಮಗು ಅಜ್ಜಿಯ ಸೀರೆಯ ಮೇಲೆ ಮಲಗುತ್ತದೆ, ಅಜ್ಜನ ಧೋತರ ಹೊದೆಯುತ್ತದೆ. ದೊಡ್ಡವರು ಬಾಳಿ ಬದುಕಿದ ಬಟ್ಟೆ ಮಗುವಿನ ಮೈಗೆ ತಾಗಿದರೆ ಅವರ ಆಯುಷ್ಯ ಮಗುವಿಗೂ ಬರುತ್ತದೆ ಅಂತ ಹಿರಿಯರ ನಂಬಿಕೆ. ನನಗೆ ಆ ನಂಬಿಕೆ ಇಷ್ಟ.

ಕುಂಚಿಗೆ ಮಾತ್ರ ಹೊಸ ಬಟ್ಟೆಯದು. ತಲೆ ಮೇಲೆ ಟೋಪಿಯ ಹಾಗೆ ಕೂತು ಬೆನ್ನ ಮೇಲೆ ಸೆರಗಿನ ಹಾಗೆ ಇಳಿಯುವ ಮಗುವಿನ ಉಡುಪು ಅದು. ನಮ್ಮ ಕಡೆ ಗುಳೇದಗುಡ್ಡದ ಖಣ ಅನ್ನುವ ಕುಪ್ಪಸದ ಬಟ್ಟೆಯಲ್ಲಿ ಹೊಲಿದು, ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟು, ತೊಟ್ಟಿಲ ಕಾರ್ಯಕ್ಕೆ ತರುತ್ತಾರೆ. ಬೆನ್ನಿನ ಭಾಗದಲ್ಲಿ ಕಸೂತಿ ಇದ್ದರೆ ಇನ್ನೂ ಚೆಂದ. ಆರು ತಿಂಗಳಲ್ಲಿ ಮಗುವಿಗೆ ಸಣ್ಣದಾಗುತ್ತದೆ. ಆಮೇಲೆ ಟ್ರಂಕು ಸೇರುತ್ತದೆ, ಮುಂದಿನ ಮಗು ಹುಟ್ಟಿದಾಗ ಹೊರಗೆ ಬರುತ್ತದೆ. ನನ್ನ ತಮ್ಮನ ಮಗಳು ಹಾಕಿಕೊಂಡ ಕುಂಚಿಗೆಯನ್ನು ಮೊದಲು ಹಾಕಿಕೊಂಡಿದ್ದು ನಮ್ಮ ದೊಡ್ಡಪ್ಪ.

ಮದುವೆಗೂ ಕಸೂತಿಗೂ ಏನು ಸಂಬಂಧ?

ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆ ಮದುವೆಯ ಹೆಣ್ಣಿಗೆ ಕಸೂತಿ ಹಾಕಿದ ಇಳಕಲ್ ಸೀರೆ ಕೊಡುವ ಪದ್ಧತಿ ಇತ್ತು. ಅದರಲ್ಲೂ ಕಪ್ಪು ಸೀರೆ. ಚಂದ್ರಕಾಳಿ ಅಂತ ಅದರ ಹೆಸರು. ಬೇರೆ ಕಡೆಯವರು "ಮದುವೆಗೆ ಕಪ್ಪಾ?" ಅಂತ ಗಾಬರಿಯಾಗುತ್ತಾರೆ. ಆ ಕಪ್ಪಿನ ಮೇಲೆ ಕೆಂಪು, ಹಳದಿ, ಬಿಳಿ, ಹಸಿರು ಎಳೆ ಬಂದಾಗ ಹೇಗೆ ಕಾಣುತ್ತದೆ ಅಂತ ಒಂದು ಸಲ ನೋಡಿದರೆ ಆ ಪ್ರಶ್ನೆ ಕೇಳೋದಿಲ್ಲ. ಕತ್ತಲ ರಾತ್ರಿ ಜಾತ್ರೆಯಲ್ಲಿ ದೀಪ ಹಚ್ಚಿದ ಹಾಗೆ ಇರುತ್ತದೆ.

ಇಳಕಲ್ ಸೀರೆಯ ಕಥೆಯೂ ಇದರ ಜೊತೆ ಹೇಳಬೇಕು. ಒಡಲಿನ ಹಾಸು, ಅಂದರೆ ಉದ್ದದ ಎಳೆ, ಹತ್ತಿ, ಸೆರಗಿನ ಹಾಸು ರೇಷ್ಮೆ ಇರುವ ಸೀರೆಯಲ್ಲಿ ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಬಿಳಿಯ, ಟೋಪ್ ತೆನಿ ಅನ್ನುವ ಆ ಸೆರಗು ದೂರದಿಂದಲೇ ಗೊತ್ತಾಗುತ್ತದೆ. ಕಸೂತಿ ಹೆಚ್ಚಾಗಿ ಸೆರಗಿನ ಹತ್ತಿರ ಬರುತ್ತದೆ. ಸೆರಗಿನ ಪಕ್ಕ ದೊಡ್ಡ ಗೋಪುರ, ತೇರು. ಒಡಲಿನ ಕಡೆ ಹೋದ ಹಾಗೆ ಚಿತ್ತಾರ ಸಣ್ಣದಾಗುತ್ತಾ ಕೊನೆಗೆ ಒಂದೊಂದೇ ಚುಕ್ಕೆ. ಹೀಗಾಗಿ ತಲೆ ಮೇಲೆ ಸೆರಗು ಹೊದ್ದಾಗ, ಉಡಿ ತುಂಬಿಸಿಕೊಳ್ಳಲು ಸೆರಗು ಒಡ್ಡಿದಾಗ ಎಲ್ಲರ ಕಣ್ಣಿಗೆ ಬೀಳೋದು ಅದೇ ಭಾಗ. ಹೊಲಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಕಸೂತಿಯಲ್ಲಿ ಹಿಂದೆ ಮುಂದೆ ಒಂದೇ ಥರ ಕಾಣಬೇಕು ಅಂತಾರೆ. ಅದು ಹೇಗೆ?

ನಾಲ್ಕು ಹೊಲಿಗೆ ಇವೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯೆ. ಎರಡೂ ಬದಿ ಒಂದೇ ಥರ ಬರೋದು ಗವಂತಿ ಮತ್ತು ಮುರ್ಗಿಯಲ್ಲಿ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಹಿಂಬದಿ ಬೇರೆ. ಮೆಂತ್ಯೆ ಅಡ್ಡ ಗುಣಾಕಾರದ ಹೊಲಿಗೆ.

ಗವಂತಿಯಲ್ಲಿ ಮೊದಲು ಒಂದು ಎಳೆ ಬಿಟ್ಟು ಒಂದು ಎಳೆ ತುಂಬುತ್ತಾ ಮುಂದೆ ಹೋಗುತ್ತೀರಿ. ಚಿತ್ತಾರದ ಕೊನೆ ಮುಟ್ಟಿ ತಿರುಗಿ ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತಾ ಬರುತ್ತೀರಿ. ಶುರು ಮಾಡಿದ ಜಾಗಕ್ಕೇ ಬಂದು ನಿಲ್ಲಬೇಕು. ಗಂಟು ಹಾಕುವ ಹಾಗಿಲ್ಲ. ಪೆನ್ಸಿಲಿನಿಂದ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಲೆಕ್ಕ. ನಡುವೆ ಒಂದು ಎಳೆ ತಪ್ಪಿದರೆ ಗೋಪುರದ ಕಳಸ ವಾಲುತ್ತದೆ, ಅಷ್ಟೂ ಬಿಚ್ಚಬೇಕು. ನನಗೆ ಕಲಿಸಿದ ಗೆಳತಿಯ ಅವ್ವ ಶಾಲೆಗೆ ಹೋದವರಲ್ಲ. ಆದರೆ ಕವಲೊಡೆದ ಚಿತ್ತಾರವನ್ನು ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬಂದರೆ ಒಂದೂ ಗೆರೆ ಬಿಟ್ಟು ಹೋಗೋದಿಲ್ಲ ಅಂತ ಸೂಜಿ ಹಾಕುವ ಮೊದಲೇ ಹೇಳುತ್ತಿದ್ದರು. ಅವರು ಕಾಪಿ ಪುಸ್ತಕ ನೋಡಿದ್ದು ನಾನು ನೋಡಿಲ್ಲ. ಹಳೇ ಬಟ್ಟೆಯ ತುಂಡಿನ ಮೇಲೆ ಚಿತ್ತಾರಗಳನ್ನು ಹೊಲಿದು ಇಟ್ಟುಕೊಂಡಿದ್ದರು, ಅದೇ ಅವರ ಪುಸ್ತಕ.

ಆ ಚಿತ್ತಾರಗಳಿಗೆ ಒಂದೊಂದಕ್ಕೂ ಅರ್ಥ ಇದೆಯಾ?

ನವಿಲು ಅಂದರೆ ಇದು, ಆನೆ ಅಂದರೆ ಅದು ಅಂತ ಪಟ್ಟಿ ಕೇಳುವವರು ತುಂಬ ಜನ. ನಾನು ಕೊಡೋದಿಲ್ಲ. ಹೊಲಿದವರು ಹಾಗೆ ಯೋಚಿಸಿದ್ದನ್ನು ನಾನು ಕಂಡಿಲ್ಲ. ಅವರು ಹೊಲಿದದ್ದು ತಮಗೆ ಕಂಡದ್ದನ್ನು, ಬೇಕಾದದ್ದನ್ನು. ಗುಡಿಯ ಗೋಪುರ, ತೇರು, ಪಲ್ಲಕ್ಕಿ, ನಂದಿ, ಅಂಬಾರಿ ಹೊತ್ತ ಆನೆ, ಅಂಗಳದ ತುಳಸಿಕಟ್ಟೆ, ಗಿಳಿ, ತೊಟ್ಟಿಲು. ಜಾತ್ರೆಗೆ ಹೋಗಿ ಬಂದವಳು ತೇರು ಹೊಲಿದಳು. ಮಗಳಿಗೆ ಕೊಡುವ ಸೀರೆಯಲ್ಲಿ ತೊಟ್ಟಿಲು ಹೊಲಿದ ತಾಯಿಯ ಮನಸ್ಸು ಬಿಡಿಸಿ ಹೇಳಬೇಕಾ?

ಸಿದ್ದಿ ಜನರ ಕೌದಿ ಬೇರೆ ಥರ ಇರುತ್ತದಂತೆ?

ಹೌದು, ನೋಡಿದ ತಕ್ಷಣ ಗೊತ್ತಾಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಕಾಡಿನ ಅಂಚಿನ ಊರುಗಳಲ್ಲಿ ಇರುವ ಸಿದ್ದಿಗಳು ಆಫ್ರಿಕಾ ಮೂಲದವರು. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅವರ ಕೌದಿಗೆ ಕವಂದ್ ಅನ್ನುತ್ತಾರೆ. ಬಣ್ಣಗಳು ಗಾಢ, ತುಂಡುಗಳು ದೊಡ್ಡವು ಸಣ್ಣವು ಬೆರೆತು ಒಂದಕ್ಕೊಂದು ಉತ್ತರ ಕೊಟ್ಟ ಹಾಗೆ ಇರುತ್ತವೆ. ಹೊಲಿಗೆ ಮೂಲೆಯಿಂದ ಹೊರಟು ಸುತ್ತುತ್ತಾ ನಡುವಿಗೆ ಬರುತ್ತದೆ.

ಅದರ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಿಸಿ ಹೊಲಿದ ಹೂವು ಇರುತ್ತದೆ. ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕವಂದ್ ಅವರ ಕಣ್ಣಿಗೆ ಬರಿಮೈ ಇದ್ದ ಹಾಗೆ. ಫೂಲದಿಂದ ಬೆಚ್ಚಗಾಗೋದಿಲ್ಲ, ಬಾಳಿಕೆ ಹೆಚ್ಚೋದಿಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿದಿಲ್ಲ. ಅಲಂಕಾರ ಅಂದರೆ ಉಳ್ಳವರ ಮನೆಯ ವಿಷಯ ಅಂತ ಯಾರಾದರೂ ಅಂದರೆ ನಾನು ಈ ಫೂಲವನ್ನೇ ತೋರಿಸೋದು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ, ಕೆಲವು ಕವಂದ್‌ಗಳಲ್ಲಿ ಶಿಲುಬೆ, ಕೆಲವದರಲ್ಲಿ ಅರ್ಧಚಂದ್ರ ಕಾಣುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿದರು, ಆಮೇಲೆ ಈ ಕೌದಿಗಳು ಅಲ್ಲಿನ ಪ್ರದರ್ಶನಗಳವರೆಗೂ ಹೋದವು.

ಲಂಬಾಣಿ ಕಸೂತಿಯೂ ಇದೇ ಥರಾನಾ?

ಹೊಲಿಗೆ ಬೇರೆ, ಜನ ಬೇರೆ. ಕನ್ನಡಿ, ಕವಡೆ, ನಾಣ್ಯ ಸೇರಿಸಿ ಹೊಲಿಯುತ್ತಾರೆ. ಲಂಗಕ್ಕೆ ಪೇಟಿಯಾ, ಕುಪ್ಪಸಕ್ಕೆ ಕಾಂಚಳಿ ಅನ್ನುತ್ತಾರೆ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದ ಜನಕ್ಕೆ ಗೋಡೆ ಇರಲಿಲ್ಲ, ಕಪಾಟು ಇರಲಿಲ್ಲ. ಚೆಂದ ಅನ್ನೋದು ಏನಿದ್ದರೂ ಮೈಮೇಲೆ, ಚೀಲದ ಮೇಲೆ ಇರಬೇಕಾಗಿತ್ತು. ನೀರಿನ ಕೊಡದ ಸಿಂಬಿಗೂ ಕವಡೆ ಹೊಲಿದಿರುತ್ತಾರೆ ನೋಡಿ. ಜುಲೈ 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಜೊತೆ ಕೆಲಸ ಮಾಡುವ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ತಾಂಡಾದ ಹೆಂಗಸರ ಕೈಕೆಲಸವನ್ನು ಅಷ್ಟು ಜನ ನಿಂತು ನೋಡಿದರು ಅನ್ನೋದು ನನಗೆ ದಾಖಲೆಗಿಂತ ದೊಡ್ಡ ಸಂತೋಷ.

ಈ ವಿದ್ಯೆ ತಾಯಿಯಿಂದ ಮಗಳಿಗೇ ಬರುತ್ತದಾ?

ಹೆಚ್ಚಾಗಿ ಹೌದು. ನವಲಗುಂದದ ಜಮಖಾನದ ವಿಷಯ ಮಾತ್ರ ಉಲ್ಟಾ. ಅಲ್ಲಿ ಮುಸ್ಲಿಂ ಮನೆತನಗಳ ಹೆಂಗಸರು ನೇಯುತ್ತಾರೆ. ಪಗಡೆ ಹಾಸು, ನವಿಲು ಇರುವ ಗಟ್ಟಿ ಜಮಖಾನಗಳು. ಈ ವಿದ್ಯೆಯನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ಪದ್ಧತಿ ಇತ್ತು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಕಸುಬಿನ ಗುಟ್ಟೂ ಹೋಗುತ್ತದೆ ಅಂತ. ಅವ್ವ ಮಗ್ಗದ ಮುಂದೆ ಕೂತಿರೋದನ್ನು ದಿನಾ ನೋಡುತ್ತಾ ಬೆಳೆದ ಹುಡುಗಿಗೆ ಮಗ್ಗ ಮುಟ್ಟಲು ಸಿಗೋದು ಅತ್ತೆಯ ಮನೆಯಲ್ಲಿ ಇದ್ದರೆ ಮಾತ್ರ. ಈಗ ನೇಯುವವರು ಕೆಲವೇ ಜನ ಉಳಿದಿದ್ದಾರೆ. ಗುಟ್ಟು ಕಾಪಾಡಿದ್ದು ಒಳ್ಳೆಯದಾಯಿತಾ ಅಂತ ಯೋಚಿಸಿದರೆ ನನಗೆ ಬೇಸರ ಆಗುತ್ತದೆ.

ಇದೆಲ್ಲ ಹೆಣ್ಣುಮಕ್ಕಳಿಗೆ ಹೊರೆ ಅಲ್ವಾ? ಯಾಕೆ ಇಷ್ಟು ಹೊಗಳೋದು?

ಹೊರೆಯೂ ಹೌದು. ಮುಚ್ಚಿಡುವ ಮಾತಲ್ಲ. ಗುಜರಾತಿನ ಕಛ್‌ನಲ್ಲಿ ರಬಾರಿ ಅನ್ನುವ ಪಶುಪಾಲಕ ಸಮುದಾಯ ಇದೆ. ಅವರಲ್ಲಿ ಮದುವೆಯ ಹೆಣ್ಣು ತಾನೇ ಕಸೂತಿ ಹಾಕಿದ ಬಟ್ಟೆಯ ರಾಶಿ ಹೊತ್ತು ಗಂಡನ ಮನೆಗೆ ಹೋಗಬೇಕಿತ್ತು. ಆ ರಾಶಿ ಮುಗಿಯೋದಕ್ಕೇ ವರ್ಷಗಟ್ಟಲೆ ಬೇಕಾಗಿ, ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವುದು ತಡ ಆಗುತ್ತಾ ಹೋಯಿತು. 1995ರಲ್ಲಿ ಅವರಲ್ಲೇ ಢೇಬರಿಯಾ ಪಂಗಡದ ಹಿರಿಯರು ಕಸೂತಿಯನ್ನೇ ನಿಷೇಧಿಸಿದರು. ಮಾಡಿದ್ದು ಹೆಂಗಸರು, ನಿಲ್ಲಿಸಿದ್ದು ಗಂಡಸರು. ಇದನ್ನು ಮೊದಲು ಓದಿದಾಗ ಎರಡು ದಿನ ನನ್ನ ತಲೆಯಲ್ಲಿ ಇದೇ ತಿರುಗುತ್ತಿತ್ತು.

ನಮ್ಮ ಕಡೆಯೂ "ಹುಡುಗಿಗೆ ಕಸೂತಿ ಬರ್ತದೇನು?" ಅಂತ ನೋಡಲು ಬಂದವರು ಕೇಳುತ್ತಿದ್ದ ಕಾಲ ಇತ್ತು. ನಮ್ಮವ್ವನಿಗೆ ಸೂಜಿ ಹಿಡಿಯೋದು ಕೊನೆಯವರೆಗೂ ಇಷ್ಟವಾಗಲಿಲ್ಲ. ಬೈಸಿಕೊಂಡು ಕಲಿತದ್ದು. ನನಗೆ ಇಷ್ಟವಾಯಿತು, ಯಾಕೆಂದರೆ ನನ್ನನ್ನು ಯಾರೂ ಒತ್ತಾಯ ಮಾಡಲಿಲ್ಲ. ಮಗಳಿಗೆ ಕಲಿಸಿ, ಮಗನಿಗೂ ಕಲಿಸಿ, ಬೇಡ ಅಂದರೆ ಬಿಟ್ಟುಬಿಡಿ.

ತೀರಿಕೊಂಡವರ ಸೀರೆಯಿಂದ ಕೌದಿ ಹೊಲಿಯಬಹುದಾ? ಮನೆಯಲ್ಲಿ ಬೇಡ ಅಂತಿದ್ದಾರೆ.

ಈ ಪ್ರಶ್ನೆ ಕೇಳುವವರೆಲ್ಲ ದನಿ ತಗ್ಗಿಸಿ ಕೇಳುತ್ತಾರೆ. ಕೆಲವು ಮನೆಗಳಲ್ಲಿ ತೀರಿಕೊಂಡವರ ಬಟ್ಟೆಯನ್ನು ದಾನ ಮಾಡುತ್ತಾರೆ, ಕೆಲವರು ನೀರಿಗೆ ಬಿಡುತ್ತಾರೆ. ಕೊನೆಗಾಲದಲ್ಲಿ ಮೈಮೇಲೆ ಇದ್ದ ಬಟ್ಟೆಯನ್ನು ಯಾರೂ ಇಟ್ಟುಕೊಳ್ಳೋದಿಲ್ಲ. ಆದರೆ ಟ್ರಂಕಿನಲ್ಲಿ ಮಡಿಸಿಟ್ಟ ಸೀರೆಗಳನ್ನು ಹೆಣ್ಣುಮಕ್ಕಳು ಹಂಚಿಕೊಳ್ಳೋದು ಎಲ್ಲ ಕಡೆ ಇದೆ. ಹಾಗೆ ಬಂದ ಸೀರೆಯನ್ನು ಕೌದಿ ಮಾಡಿದರೆ ತಪ್ಪೇನು ಅಂತ ನಾನು ಕೇಳುತ್ತೇನೆ.

ಅಜ್ಜಿ ತೀರಿಕೊಂಡ ವರ್ಷ ಅವಳ ಏಳು ಸೀರೆ ಉಳಿದಿದ್ದವು. ನಾಲ್ಕು ಜನ ಮೊಮ್ಮಕ್ಕಳು. ಯಾರಿಗೆ ಯಾವುದು ಅಂತ ಮಾತು ಶುರುವಾಗಿ ಸ್ವಲ್ಪ ಬಿರುಸೂ ಆಯಿತು. ಕೊನೆಗೆ ಚಿಕ್ಕಮ್ಮ ಕತ್ತರಿ ತಂದರು. ಏಳೂ ಸೀರೆಯನ್ನು ನಾಲ್ಕು ಪಾಲು ಮಾಡಿ, ನಾಲ್ಕು ಕೌದಿ ಹೊಲಿಯೋಣ, ಪ್ರತಿಯೊಂದರಲ್ಲೂ ಏಳೂ ಇರಲಿ ಅಂದರು. ಮೊದಲ ಸೀರೆಗೆ ಕತ್ತರಿ ಹಾಕುವಾಗ ಬಂದ ಶಬ್ದ ಈಗಲೂ ಕಿವಿಯಲ್ಲಿದೆ. ಅವಳ ಸೆರಗಿನ ತುದಿಯಲ್ಲಿ ಗಂಟು ಹಾಕಿ ಹಾಕಿ ಸವೆದ ಒಂದು ಜಾಗ ಇತ್ತು, ಅಡಿಕೆ ಚೂರು, ಚಿಲ್ಲರೆ ಕಟ್ಟಿಕೊಳ್ಳುತ್ತಿದ್ದ ಜಾಗ. ಆ ತುಂಡು ನನ್ನ ಪಾಲಿಗೆ ಬಂತು. ಅದನ್ನು ಭುಜಕ್ಕೆ ತಾಗುವ ಮೂಲೆಯಲ್ಲಿ ಹೊಲಿದುಕೊಂಡಿದ್ದೇನೆ.

ನಿಮ್ಮ ಮನೆಯವರು ಬೇಡ ಅಂದರೆ ಜಗಳ ಮಾಡಬೇಡಿ. ಒಂದು ವರ್ಷ ಕಳೆಯಲಿ, ಆಮೇಲೆ ಮತ್ತೆ ಕೇಳಿ. ದುಃಖ ಹಸಿ ಇರುವಾಗ ಬಟ್ಟೆ ಕಂಡರೂ ಆಗೋದಿಲ್ಲ.

ಕೈ ಕಸೂತಿಗೆ ಯಾಕೆ ಇಷ್ಟು ಬೆಲೆ? ಮಷೀನಿನದು ಅಗ್ಗ ಅಲ್ವಾ?

ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಸಾದಾ ಕೌದಿ. ಅರ್ಧ ಇಂಚಿಗೆ ಒಂದು ಸಾಲಿನಂತೆ ಉದ್ದಕ್ಕೂ ಹೊಲಿದರೆ 96 ಸಾಲು. ಇಂಚಿಗೆ ಬರೀ ಮೂರು ಹೊಲಿಗೆ ಅಂದರೂ ಒಟ್ಟು 20,000 ದಾಟುತ್ತದೆ. ಪ್ರತಿ ಹೊಲಿಗೆಗೂ ಸೂಜಿ ಅಷ್ಟೂ ಪದರ ದಾಟಿ ಹೋಗಿ ಬರಬೇಕು. ಕಸೂತಿಯಲ್ಲಿ ಇದರ ಮೇಲೆ ಎಳೆ ಎಣಿಸುವ ಕೆಲಸ ಬೇರೆ, ಕಣ್ಣು ಬೇರೆ.

ಮಷೀನಿನದು ಕೊಳ್ಳಬೇಡಿ ಅಂತ ನಾನು ಹೇಳೋದಿಲ್ಲ. ಆದರೆ ಅದನ್ನು ಕೈಕೆಲಸ ಅಂತ ಮಾರುವುದು ಮೋಸ. ನಾನೇ ಒಂದು ಮಳಿಗೆಯಲ್ಲಿ ಅಕ್ಕನ ಮಗಳ ಮದುವೆಗೆ ಅಂತ ದುಬಾರಿ ಸೀರೆ ಕೊಂಡು ಮನೆಗೆ ತಂದು ತಿರುಗಿಸಿ ನೋಡಿದರೆ ಹಿಂಬದಿಗೆ ಬಿಳಿ ಕಾಗದದಂಥ ಬಟ್ಟೆ ಅಂಟಿತ್ತು, ಕೆಳದಾರ ಎಲ್ಲ ಒಂದೇ ಬಣ್ಣ. ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಅದಕ್ಕೇ ಎಲ್ಲರಿಗೂ ಹೇಳೋದು, ಅಂಗಡಿಯಲ್ಲೇ ಹಿಂಬದಿ ತಿರುಗಿಸಿ ನೋಡಿ. ಕೈಯದಾದರೆ ಹಿಂದೆಯೂ ಬಣ್ಣ ಬದಲಾಗುತ್ತದೆ, ಗಂಟು ಇರೋದಿಲ್ಲ, ಎಲ್ಲೋ ಒಂದು ಕಡೆ ಸಣ್ಣ ಹೆಚ್ಚುಕಡಿಮೆ ಇರುತ್ತದೆ. ಕಸೂತಿ, ಇಳಕಲ್ ಸೀರೆ, ಸಂಡೂರಿನ ಲಂಬಾಣಿ ಕಸೂತಿ, ನವಲಗುಂದದ ಜಮಖಾನ, ಈ ಎಲ್ಲಕ್ಕೂ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಾನ್ಯತೆ ಇದ್ದ ಮಾತ್ರಕ್ಕೆ ನಿಮ್ಮ ಕೈಯಲ್ಲಿರುವ ಸೀರೆ ಅಸಲಿ ಅಂತ ಆಗೋದಿಲ್ಲ, ನೋಡಿಯೇ ಕೊಳ್ಳಬೇಕು. ಸಾಧ್ಯವಾದರೆ ಹೊಲಿಯುವವರ ಹತ್ತಿರವೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ನನ್ನ ಹತ್ತಿರ ಇರೋದೆಲ್ಲ ಪಾಲಿಯೆಸ್ಟರ್ ಸೀರೆ. ಅದರಲ್ಲಿ ಕೌದಿ ಆಗುತ್ತಾ?

ಮೇಲಿನ ಬಣ್ಣದ ತುಂಡುಗಳಿಗೆ ಒಂದೆರಡು ಹಾಕಬಹುದು. ಒಳಗೆ ಬೇಡ. ಜಾರುತ್ತದೆ, ಬೆವರು ಹೀರೋದಿಲ್ಲ, ಚಳಿಯಲ್ಲಿ ತಣ್ಣಗೆ ತಾಗುತ್ತದೆ. ಹಳ್ಳಿಗಳಲ್ಲಿ ಕೌದಿ ಕಡಿಮೆಯಾದದ್ದಕ್ಕೆ ಇದೂ ಒಂದು ಕಾರಣ. ಹತ್ತಿ ಸೀರೆ ಉಡೋದು ಕಡಿಮೆಯಾಯಿತು, ಉಳಿದದ್ದನ್ನು ಸ್ಟೀಲ್ ಪಾತ್ರೆಯವರು ಬಂದು ಒಯ್ದರು. ಐದು ಸೀರೆಗೆ ಒಂದು ಡಬ್ಬಿ. ನಮ್ಮ ಮನೆಯಲ್ಲೂ ಅಂಥ ಡಬ್ಬಿ ಮೂರು ಇವೆ.

ಕೌದಿ ಒಗೆಯೋದು, ಇಡೋದು ಹೇಗೆ?

ಮಹಾನವಮಿಗೆ ಮೊದಲು ಮನೆಯ ಹಾಸಿಗೆಯೆಲ್ಲ ಗಾಡಿಯಲ್ಲಿ ಹೇರಿಕೊಂಡು ಹಳ್ಳಕ್ಕೆ ಹೋಗುತ್ತಿದ್ದೆವು. ನೆನೆದ ಕೌದಿಯನ್ನು ಒಬ್ಬರಿಂದ ಎತ್ತಲು ಆಗೋದಿಲ್ಲ. ಈ ತುದಿ ಒಬ್ಬರು, ಆ ತುದಿ ಒಬ್ಬರು ಹಿಡಿದು ಎದುರು ಬದುರು ತಿರುಚಬೇಕು. ನೀರು ಧೋ ಅಂತ ಸುರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಳ್ಳದ ದಂಡೆಯ ಗಿಡಗಂಟಿ, ಬಂಡೆ ಎಲ್ಲದರ ಮೇಲೂ ಊರಿನ ಕೌದಿಗಳು. ಯಾರ ಮನೆಯಲ್ಲಿ ಎಷ್ಟು, ಯಾರ ಹೊಲಿಗೆ ಹೇಗೆ ಅಂತ ಎಲ್ಲರೂ ಎಲ್ಲರದ್ದನ್ನೂ ನೋಡುತ್ತಿದ್ದರು.

ಈಗ ಮನೆಯಲ್ಲಾದರೆ ದೊಡ್ಡ ಬಕೆಟ್ಟಿನಲ್ಲಿ ತಣ್ಣೀರಿಗೆ ಸ್ವಲ್ಪ ಸೋಪು ಹಾಕಿ ಅರ್ಧ ಗಂಟೆ ನೆನೆಸಿ, ಕೈಯಿಂದ ಹಿಚುಕಿ. ಮಷೀನಿಗೆ ಹಾಕಿದರೆ ಹಳೇ ದಾರ ಕಿತ್ತು ಬರುತ್ತದೆ. ಎರಡು ದಿನ ಬಿಸಿಲು ಬೇಕು. ಇಡುವಾಗ ಒಣಗಿದ ಬೇವಿನ ಎಲೆ ಸಾಕು, ನುಸಿಗುಳಿಗೆ ಮಗುವಿನ ಕೌದಿಗೆ ಬೇಡ. ದಯವಿಟ್ಟು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಡಬೇಡಿ, ಮಡಿಕೆಯಲ್ಲೇ ಸೀಳುತ್ತದೆ. ಗಾಜಿನ ಚೌಕಟ್ಟು ಹಾಕಿ ಗೋಡೆಗೆ ತೂಗು ಹಾಕುವವರನ್ನೂ ನೋಡಿದ್ದೇನೆ. ತೀರಾ ಜೀರ್ಣವಾಗಿದ್ದರೆ ಸರಿ. ಇಲ್ಲದಿದ್ದರೆ ಹೊದ್ದುಕೊಳ್ಳಿ. ಹರಿದರೆ ತೇಪೆ ಹಾಕಿ. ನಮ್ಮ ಮನೆಯ ಹಳೇ ಕೌದಿಯಲ್ಲಿ ಮೂರು ತಲೆಮಾರಿನ ತೇಪೆ ಇದೆ.

ನಾನು ಊರಿಂದ ದೂರ ಇದ್ದೇನೆ, ಯಾರೂ ಕಲಿಸುವವರಿಲ್ಲ. ಹೇಗೆ ಶುರು ಮಾಡಲಿ?

ದೊಡ್ಡದಕ್ಕೆ ಕೈ ಹಾಕಬೇಡಿ. ಮಗುವಿನ ಅಳತೆಯದು ಮಾಡಿ, ಮೂರು ಅಡಿಗೆ ಎರಡೂವರೆ ಅಡಿ ಸಾಕು. ಊರಿಗೆ ಫೋನ್ ಮಾಡಿ ಒಂದು ಹಳೇ ಹತ್ತಿ ಸೀರೆ ಕಳಿಸಿ ಅನ್ನಿ. ಯಾಕೆ ಅಂತ ಕೇಳುತ್ತಾರೆ, ಹೇಳಿ. ಆ ಒಂದು ಫೋನಿನಲ್ಲಿ ಎಷ್ಟು ಮಾತು ಬರುತ್ತದೆ ನೋಡಿ. ಮೆಲ್ಬರ್ನ್‌ನಲ್ಲಿ ಇರುವ ಒಬ್ಬರಿಗೆ ಅವರ ಅತ್ತೆ ಸೀರೆಯ ಜೊತೆ ಸೂಜಿ, ದಾರದ ಉಂಡೆಯನ್ನೂ ಕಳಿಸಿದ್ದರಂತೆ, ಅಲ್ಲಿ ಸಿಗುತ್ತೋ ಇಲ್ಲವೋ ಅಂತ.

ಮೂರು ಪದರ ಹಾಸಿ. ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಕೂಡಿಸಿಕೊಳ್ಳಿ, ಇಲ್ಲದಿದ್ದರೆ ನಡುವಿನ ಬಟ್ಟೆ ಸರಿದು ಗುಡ್ಡೆಯಾಗುತ್ತದೆ. ನಾಲ್ಕು ಅಂಚು ಒಳಮಡಿಸಿ. ಉದ್ದ ಸೂಜಿ, ಗಟ್ಟಿ ಹತ್ತಿ ದಾರ ಎರಡೆಳೆ. ದಾರ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಅಂಚಿನಿಂದ ಶುರು ಮಾಡಿ. ಮೊದಲ ನಾಲ್ಕು ಸಾಲು ಸೊಟ್ಟ ಬರುತ್ತವೆ, ಬಿಚ್ಚಬೇಡಿ, ಹಾಗೇ ಇರಲಿ. ನಡುವಿಗೆ ಬಂದಾಗ ಅಂಗೈಯಷ್ಟು ಜಾಗ ಉಳಿಸಿಕೊಳ್ಳಿ. ಅಲ್ಲಿ ನಾಲ್ಕು ಕಾಳು ಜೋಳವೋ ಅಕ್ಕಿಯೋ ಹಾಕಿ, ಆಮೇಲೆ ಮುಚ್ಚಿ ಹೊಲಿಯಿರಿ.